ಕಟ್ ಅಂದ ಮೇಲೂ

ಕಪಿಲೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಅನ್ನುವುದು ಊರಿನವರು ಇಟ್ಟ ಹೆಸರು. ಅಲ್ಲಿ ಜಪವೂ ಇರಲಿಲ್ಲ, ತಪವೂ ಇರಲಿಲ್ಲ. ಅಲ್ಲಿ ಕಲಿಸುತ್ತಿದ್ದದ್ದು ಸಿನಿಮಾ.

ಗುರುಗಳ ಹೆಸರು ವನಜಾಕ್ಷಮ್ಮ. ಒಂದು ಕಾಲದಲ್ಲಿ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಕೂತು ರೀಲು ಜೋಡಿಸಿದವರು. ಶಿಷ್ಯರು ನಾಲ್ಕೇ ಜನ. ಅವರು ಗುರುಗಳನ್ನು ‘ಅಮ್ಮ’ ಅನ್ನುತ್ತಿದ್ದರು.

ಶಿವನಂಜು ಕೊನೆಯದಾಗಿ ಸೇರಿದವನು. ಬಂದ ದಿನವೇ ಕೇಳಿದ.

“ಇಲ್ಲಿ ಡೈರೆಕ್ಟರ್ ಯಾರು ಅಮ್ಮ?”

“ಈ ವಾರ ಪ್ರಭಾವತಿ. ಮುಂದಿನ ವಾರ ಅವಳಿಗೆ ಅಡುಗೆಮನೆ.”

“ಅಂದ್ರೆ?”

“ಅಂದ್ರೆ, ಈ ವಾರ ಅವಳ ಮಾತು ಕೇಳ್ತೀರಿ. ಮುಂದಿನ ವಾರ ಅವಳ ಕೈ ಸಾರು ಉಣ್ತೀರಿ.”

“ಹಂಗಾದ್ರೆ ಸಿನಿಮಾ ಯಾರದ್ದು ಅಂತ ಹೇಳೋದು?”

“ಸಾರು ಯಾರದ್ದು ಅಂತ ಯಾರಾದ್ರೂ ಕೇಳ್ತಾರಾ? ಚೆನ್ನಾಗಿಲ್ಲದೇ ಇದ್ರೆ ಮಾತ್ರ ಕೇಳ್ತಾರೆ.”

ಶಿವನಂಜುವಿಗೆ ಈ ಉತ್ತರ ಹಿಡಿಸಲಿಲ್ಲ. ಅವನು ತನ್ನ ಹೆಸರು ತೆರೆಯ ಮೇಲೆ ಬರುವುದನ್ನು ನೋಡಬೇಕು ಅಂತಲೇ ಊರು ಬಿಟ್ಟು ಬಂದವನು.

“ನಿಯಮ ಏನಾದ್ರೂ ಇದೆಯಾ ಅಮ್ಮ?”

“ಒಂದಿದೆ. ‘ಆಕ್ಷನ್’ ಅಂತ ಒಬ್ಬರೇ ಹೇಳಬೇಕು. ‘ಕಟ್’ ಅಂತ ಯಾರು ಬೇಕಾದ್ರೂ ಹೇಳಬಹುದು. ಹೇಳಿದ ಕೂಡಲೇ ಎಲ್ಲ ನಿಲ್ಲಬೇಕು.”

“ಯಾರು ಬೇಕಾದ್ರೂ ಅಂದ್ರೆ?”

“ಯಾರು ಬೇಕಾದ್ರೂ. ದಾರೀಲಿ ದನ ಹೊಡ್ಕೊಂಡು ಹೋಗೋನೂ ಹೇಳಬಹುದು.”

“ಅವನು ಯಾಕೆ ಹೇಳ್ತಾನೆ?”

“ಅದನ್ನ ಕೇಳೋ ಹಾಗಿಲ್ಲ. ನಿಲ್ಲಿಸೋದಷ್ಟೇ ನಿಮ್ಮ ಕೆಲಸ.”

ಶಿವನಂಜು ತಲೆಯಾಡಿಸಿದ. ಹೀಗೆ ಮಾಡಿದರೆ ಒಳ್ಳೊಳ್ಳೆಯ ಶಾಟುಗಳೆಲ್ಲ ಹಾಳಾಗಿ ಹೋಗುತ್ತವೆ ಅಂತ ಒಳಗೊಳಗೇ ಅಂದುಕೊಂಡ. ಹೊಸಬರು ಹಾಗೆಯೇ. ಮನೆ ಸೇರುವ ಮೊದಲೇ ಬಾಗಿಲಿನ ಅಳತೆ ಸರಿಯಿಲ್ಲ ಅನ್ನುತ್ತಾರೆ.

ಅಲ್ಲಿ ಕಥೆ ಮಾಡುವ ಕ್ರಮವೂ ಬೇರೆ.

ಜಗಲಿಯ ಮೇಲೆ ನಾಲ್ವರೂ ದುಂಡಗೆ ಕೂರಬೇಕು. ಒಬ್ಬರು ತಮ್ಮ ಬದುಕಿನದೊಂದು ಕಥೆ ಹೇಳಬೇಕು. ಪಕ್ಕದವರು ಅದನ್ನೇ ತಮಗೆ ಆದದ್ದು ಅನ್ನುವ ಹಾಗೆ ಮತ್ತೆ ಹೇಳಬೇಕು. ಆಮೇಲೆ ಅವರ ಪಕ್ಕದವರು. ಹೀಗೆ ಒಂದು ಸುತ್ತು ಬಂದ ಮೇಲೆ ಅದು ಎಲ್ಲರ ಕಥೆ. ಅದನ್ನು ಸಿನಿಮಾ ಮಾಡಬಹುದು.

ಆ ಸಲ ರಾಜಮಣಿಯ ಸರದಿ. ಅವಳು ಕಡಿಮೆ ಮಾತಿನವಳು. ತುಂಬ ಹೊತ್ತು ಚಾಪೆಯ ಕಡ್ಡಿ ಕೀಳುತ್ತ ಕೂತಿದ್ದು, ಆಮೇಲೆ ಹೇಳಿದಳು.

“ನಾನು ಹಾಸ್ಟೆಲ್‌ನಲ್ಲಿದ್ದಾಗ ಒಂದು ದಿನ ನಮ್ಮವ್ವ ಕಜ್ಜಾಯ ಮಾಡ್ಕೊಂಡು ಬಂದಿದ್ಲು. ಗೇಟ್ ಹತ್ರ ಡಬ್ಬಿ ಕೊಟ್ಟು ಹೊರಟ್ಲು. ನನ್ನ ಜೊತೆ ಇದ್ದ ಹುಡುಗೀರು, ಯಾರೇ ಅದು ಅಂದ್ರು. ನಾನು, ನಮ್ಮನೆ ಕೆಲಸದೋಳು ಅಂದ್ಬಿಟ್ಟೆ.”



“ನಿಮ್ಮವ್ವಂಗೆ ಕೇಳಿಸ್ತಾ?” ಪ್ರಭಾವತಿ ಕೇಳಿದಳು.

“ಇಲ್ಲ. ಅವಳು ಆಗಲೇ ದೂರ ಹೋಗಿದ್ಲು.”

ಪ್ರಭಾವತಿ ಆ ಕಥೆಯನ್ನು ತನ್ನದಾಗಿ ಹೇಳಿದಳು. ಇಮ್ತಿಯಾಜ್ ತನ್ನದಾಗಿ ಹೇಳಿದ. ಅವನ ಬಾಯಲ್ಲಿ ಅವ್ವ ಅಮ್ಮೀ ಆದಳು, ಕಜ್ಜಾಯ ಶೀರ್‌ಖುರ್ಮಾ ಆಯಿತು. ಕೊನೆಗೆ ಶಿವನಂಜು ಹೇಳಿದ. ಕೇಳುತ್ತ ಕೂತಿದ್ದ ರಾಜಮಣಿ ಉಸಿರುಬಿಟ್ಟಳು.

“ಈಗ ಹಗುರ ಆಯ್ತು ಅಮ್ಮ. ಎಲ್ಲರೂ ಹೊತ್ಕೊಂಡ್ರು.”

“ಹೊತ್ಕೊಂಡೋರು ಕೆಳಗೆ ಬೀಳಿಸದೇ ಇರಲಿ” ಅಂದರು ಗುರುಗಳು.

ಸಿನಿಮಾಕ್ಕೆ ತಯಾರಿ ನಡೆಯಿತು. ಮಗಳ ಪಾತ್ರ ಪ್ರಭಾವತಿಗೆ. ತಾಯಿಯ ಪಾತ್ರವನ್ನು ರಾಜಮಣಿ ತಾನೇ ಕೇಳಿ ತೆಗೆದುಕೊಂಡಳು. ‘ಆಕ್ಷನ್’ ಹೇಳುವ ಸರದಿ ಇಮ್ತಿಯಾಜ್‌ನದು, ಮೈಕೂ ಅವನ ಕೈಯಲ್ಲಿ. ಕ್ಯಾಮೆರಾ ಶಿವನಂಜುವಿನದು, ಆಮೇಲೆ ಶಾಟುಗಳನ್ನು ಜೋಡಿಸುವ ಕೆಲಸವೂ ಅವನದೇ.

ಕ್ಯಾಮೆರಾದ ಮುಂಭಾಗದಲ್ಲಿ ಒಂದು ಸಣ್ಣ ಕೆಂಪು ದೀಪವಿತ್ತು. ಓಡುತ್ತಿರುವಾಗ ಹೊತ್ತಿಕೊಳ್ಳುತ್ತದೆ, ನಿಲ್ಲಿಸಿದರೆ ಆರುತ್ತದೆ. ಅದು ಹೊತ್ತಿದ ತಕ್ಷಣ ಎದುರಿನವರ ಮುಖ ಬಿಗಿಯುವುದನ್ನು ಶಿವನಂಜು ಗಮನಿಸಿದ್ದ.

ಒಂದು ದಿನ ಅವನು ಕರಿ ಟೇಪಿನ ಸುರುಳಿಯಿಂದ ಹಣೆಯ ಬೊಟ್ಟಿನಷ್ಟು ಹರಿದು ಆ ದೀಪದ ಮೇಲೆ ಅಂಟಿಸಿದ. ಯಾರಿಗೂ ಹೇಳಲಿಲ್ಲ. ಇದರಲ್ಲಿ ಕೆಟ್ಟದ್ದೇನಿದೆ ಅಂತ ತನ್ನನ್ನೇ ಕೇಳಿಕೊಂಡ, ಏನಿಲ್ಲ ಅಂತ ತಾನೇ ಹೇಳಿಕೊಂಡ. ಕೆಟ್ಟದ್ದಿಲ್ಲದ ಕೆಲಸಕ್ಕೆ ಇಷ್ಟೊಂದು ವಿಚಾರಣೆ ಯಾಕೆ ಬೇಕಾಯಿತು ಅನ್ನುವುದು ಅವನಿಗೆ ಹೊಳೆಯಲಿಲ್ಲ.

ಆಶ್ರಮದ ಗೇಟೇ ಹಾಸ್ಟೆಲ್ಲಿನ ಗೇಟಾಯಿತು. ಇಮ್ತಿಯಾಜ್ ‘ಆಕ್ಷನ್’ ಅಂದ.

ತಾಯಿಯಾದ ರಾಜಮಣಿ ಸೆರಗು ಹೊದ್ದು ಬಂದಳು. ಡಬ್ಬಿ ಕೊಟ್ಟಳು. ತಿರುಗಿ ಹೊರಟಳು. ಅವಳ ಬೆನ್ನ ಹಿಂದೆ ಮಗಳಾದ ಪ್ರಭಾವತಿ, ಬರೆದಿದ್ದ ಹಾಗೆಯೇ, “ನಮ್ಮನೆ ಕೆಲಸದೋಳು” ಅಂದಳು.

ಬರೆದಿದ್ದ ಪ್ರಕಾರ ತಾಯಿ ಕೇಳಿಸಿಕೊಳ್ಳದೆ ನಡೆದುಹೋಗಬೇಕು. ರಾಜಮಣಿಯ ಕಾಲು ಏಳಲಿಲ್ಲ.

“ಕಟ್” ಅಂದಳು. ಅಂದವಳೇ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತಳು.

ಇಮ್ತಿಯಾಜ್ ಮೈಕನ್ನು ಕೆಳಗಿಟ್ಟು ನೀರು ತರಲು ಓಡಿದ. ಪ್ರಭಾವತಿ ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟಳು. ಶಿವನಂಜುವಿನ ಬೆರಳು ಕ್ಯಾಮೆರಾದ ಗುಂಡಿಯ ಮೇಲಿತ್ತು. ಅದು ಒತ್ತಲಿಲ್ಲ.

“ಸುಳ್ಳು ಕಣೆ” ಅಂದಳು ರಾಜಮಣಿ, ಅಳುತ್ತ. “ನಮ್ಮವ್ವಂಗೆ ಕೇಳಿಸಿತ್ತು. ಅವಳು ತಿರುಗಿ ಬಂದ್ಲು. ಬಂದು ಆ ಹುಡುಗೀರಿಗೆ, ‘ಊಂ ಕಣವ್ವ, ಅವ್ರ ಮನೇಲಿ ಕೆಲ್ಸ ಮಾಡ್ಕಂಡಿವ್ನಿ, ಅಮ್ಮಾವ್ರು ಕಜ್ಜಾಯ ಕೊಟ್ಟು ಕಳುಸುದ್ರು’ ಅಂದ್ಲು. ನನ್ನ ಮುಖ ನೋಡಿ ನಕ್ಕೊಂಡೇ ಅಂದ್ಲು. ಇವತ್ತಿಗೂ ನಾವಿಬ್ರೂ ಆ ವಿಷಯ ಎತ್ತಿಲ್ಲ. ನಾನು ಮರೆತಿದೀನಿ ಅಂದ್ಕೊಂಡಿದಾಳೆ ಅವಳು.”

ದೀಪ ಕಾಣುತ್ತಿರಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು.

ಸಿನಿಮಾ ತೋರಿಸುವ ದಿನ ಗೊತ್ತಾಯಿತು. ಭಾನುವಾರ ಸಂಜೆ, ನದಿಯ ಮೆಟ್ಟಿಲ ಮೇಲೆ. ಊರಿನವರನ್ನು ಕರೆದರು. ಶಿಷ್ಯರ ಮನೆಯವರನ್ನೂ ಕರೆದರು. ರಾಜಮಣಿಯ ತಾಯಿ ಸಿದ್ದಮ್ಮ ಬರುತ್ತೇನೆ ಅಂತ ಹೇಳಿಕಳಿಸಿದಳು.

ಶನಿವಾರ ಮಧ್ಯಾಹ್ನ ಶಿವನಂಜು ಜೋಡಿಸಿದ್ದನ್ನು ಎಲ್ಲರೂ ಕೂತು ನೋಡಿದರು. ಅದಕ್ಕೆ ಮೊದಲು ಅವನು ದೀಪದ ಮೇಲಿನ ಕರಿ ಟೇಪನ್ನು ಕಿತ್ತು ಹಾಕಿದ್ದ.

ಗೇಟಿನ ದೃಶ್ಯ ಬಂತು. ತಾಯಿ ನಿಂತಳು. ಕುಸಿದಳು. ಅತ್ತಳು. ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಒಂದೇ ಒಂದು ಶಬ್ದ ಮಾತ್ರ ಅದರಲ್ಲಿ ಇರಲಿಲ್ಲ. ಅವಳು ‘ಕಟ್’ ಅಂದದ್ದನ್ನು ಶಿವನಂಜು ತೆಗೆದಿದ್ದ.

ಮುಗಿದ ಮೇಲೆ ಎಲ್ಲರೂ ಶಿವನಂಜುವಿನ ಕಡೆ ತಿರುಗಿದರು.

“ಆಫ್ ಮಾಡೋದು ಮರೆತೆ” ಅಂದ ಶಿವನಂಜು. “ಆಮೇಲೆ ನೋಡಿದ್ರೆ ಎಲ್ಲ ಬಂದಿತ್ತು. ಬೇಡ ಅಂದ್ರೆ ತೆಗೀತೀನಿ.”

ಬೇಡ ಅಂದರೆ ಅನ್ನುವಾಗ ಅವನ ಗಂಟಲಲ್ಲಿ ಬೇಕು ಅನ್ನುವುದೇ ಇತ್ತು. ಅದು ಎಲ್ಲರಿಗೂ ಕೇಳಿಸಿತು.

“ಇದಿಲ್ದೇ ಇದ್ರೆ ಸಿನಿಮಾನೇ ಇಲ್ಲ” ಅಂದ ಇಮ್ತಿಯಾಜ್, ಮೆಲ್ಲಗೆ.

ಪ್ರಭಾವತಿ ಕಣ್ಣೊರೆಸಿಕೊಂಡಳು. “ಹೌದು, ಇದ್ರೇನೇ ಚೆಂದ.”

ಎಲ್ಲರೂ ರಾಜಮಣಿಯನ್ನು ನೋಡಿದರು. ಅವಳು ಎದ್ದು ಊಟದ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು.

“ಕಥೆ ನಾಲ್ಕು ಜನದ್ದು ಅಂತ ನಾನೇ ಒಪ್ಪಿದ್ದೆ. ಮೂರು ಜನ ಇರಲಿ ಅಂದ್ರೆ ಇರಲಿ.”

“ನಿಮ್ಮವ್ವ ಬರ್ತಾರಲ್ಲೇ” ಅಂದಳು ಪ್ರಭಾವತಿ, ಈಗ ನೆನಪಾದವಳ ಹಾಗೆ.

“ಬರ್ತಾಳೆ.”

ರಾಜಮಣಿ ತಟ್ಟೆಗಳನ್ನು ಎತ್ತಿಕೊಂಡು ನದಿಯ ಕಡೆ ಹೋದಳು. ಆವತ್ತು ಪಾತ್ರೆ ತೊಳೆಯುವ ಸರದಿ ಅವಳದಾಗಿರಲಿಲ್ಲ, ಶಿವನಂಜುವಿನದು.

ಶಿವನಂಜು ಗುರುಗಳ ಕಡೆ ತಿರುಗಿದ. “ನೀವೇನೂ ಹೇಳಲಿಲ್ಲ ಅಮ್ಮ.”

“ಚೆನ್ನಾಗಿ ಬಂದಿದೆ” ಅಂದರು ಗುರುಗಳು. “ಮರೆವಿಗೆ ಇಷ್ಟು ಚೆನ್ನಾಗಿ ಫ್ರೇಮ್ ಇಡೋಕೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ.”

ಅವನು ನಗಲು ನೋಡಿದ. ಆಗಲಿಲ್ಲ.

“ಅವಳು ‘ಕಟ್’ ಅಂದಿದ್ಲು ಅಲ್ವಾ?”

“ಅಂದಿದ್ಲು.”

“ಸಿನಿಮಾದಲ್ಲಿ ಕೇಳಿಸಲಿಲ್ಲ.”

“ಅದನ್ನ ಕಟ್ ಮಾಡ್ದೆ.”

“ಸರಿ” ಅಂದರು ಗುರುಗಳು. “ಮಾಡಬೇಕಾದ ಕಡೆ ಮಾಡಲಿಲ್ಲ. ಇನ್ನೆಲ್ಲಾದ್ರೂ ಮಾಡಬೇಕಲ್ಲ.”

ಅವರು ಕ್ಯಾಮೆರಾವನ್ನು ಎತ್ತಿಕೊಂಡು ಸೆರಗಿನಿಂದ ಒರೆಸತೊಡಗಿದರು. ಕೆಂಪು ದೀಪದ ಹತ್ತಿರ ಅವರ ಬೆರಳು ನಿಂತಿತು. ಬೆರಳನ್ನು ಎತ್ತಿ ನೋಡಿಕೊಂಡರು. ಹೆಬ್ಬೆರಳಿಗೆ ತೋರುಬೆರಳನ್ನು ತಾಗಿಸಿ ಬಿಡಿಸಿದರು. ಟೇಪಿನ ಅಂಟಿತ್ತು.

ಶಿವನಂಜು ನೆಲ ನೋಡಿದ. ಗುರುಗಳು ಕ್ಯಾಮೆರಾವನ್ನು ಅದರ ಜಾಗದಲ್ಲಿಟ್ಟು ಒಳಗೆ ಹೋದರು.

ಆಮೇಲೆ ಶಿವನಂಜುವಿಗೆ ಏನು ಮಾಡಲೂ ಮನಸ್ಸಿರಲಿಲ್ಲ. ಗುರುಗಳು ಬೈದಿದ್ದರೆ ಎದುರು ಮಾತಾಡಬಹುದಿತ್ತು. ಎಲ್ಲ ದೊಡ್ಡ ಕ್ಯಾಮೆರಾದವರೂ ಹೀಗೇ ಮಾಡುತ್ತಾರೆ ಅನ್ನಬಹುದಿತ್ತು. ಆ ಮಾತನ್ನು ಅವನು ಸಿದ್ಧ ಮಾಡಿಯೂ ಇಟ್ಟುಕೊಂಡಿದ್ದ. ಆದರೆ ರಾತ್ರಿ ಗುರುಗಳು ಎಲ್ಲರ ಜೊತೆ ಕೂತು ಉಂಡರು, ಅವನ ತಟ್ಟೆಗೆ ತಾವೇ ಮೊಸರು ಬಡಿಸಿದರು. ಆ ಮೊಸರು ಅವನಿಗೆ ಇಳಿಯಲಿಲ್ಲ.

ಬೆಳಿಗ್ಗೆ ಗುರುಗಳು ಮೆಟ್ಟಿಲ ಮೇಲೆ ಕೂತು ತೆರೆಯ ಹರಿದ ಅಂಚು ಹೊಲಿಯುತ್ತಿದ್ದರು. ಅದು ಬಿಳಿ ಪಂಚೆಗಳನ್ನು ಸೇರಿಸಿ ಮಾಡಿದ ತೆರೆ. ಶಿವನಂಜು ಬಂದು ನಿಂತ.

“ಆ ಶಾಟ್ ತೆಗೆದುಬಿಟ್ಟೆ ಅಮ್ಮ.”

“ಯಾಕೆ? ಮೂರು ಜನ ಇರಲಿ ಅಂದಿದ್ರಲ್ಲ.”

“ಸರಿ ಅನ್ನಿಸಲಿಲ್ಲ.”

“ಎಲ್ಲಿಂದ ತೆಗೆದೆ?”

“ಸಿನಿಮಾದಿಂದ. ಕಾರ್ಡಿನಿಂದಾನೂ ಅಳಿಸಿಬಿಟ್ಟೆ. ಇನ್ನು ಎಲ್ಲೂ ಇಲ್ಲ.”

“ಕಟ್ ಮಾಡಿ ಮುಗೀತು. ಒಡೆದದ್ದನ್ನ ಕಟ್ಟೋದು ಯಾವಾಗ?”

ಅವನಿಗೆ ಅರ್ಥವಾಯಿತು. ಅರ್ಥವಾಗದವನ ಹಾಗೆ ನಿಂತ. ಗುರುಗಳು ದಾರವನ್ನು ಹಲ್ಲಿನಿಂದ ಕಡಿದರು.

“ಅಮ್ಮ, ಟೇಪಿನ ವಿಷಯ ಅವರಿಗೆ ಹೇಳಬೇಡಿ.”

“ನಾನು ಪಾಠ ಹೇಳೋಳು ಶಿವನಂಜು. ಚಾಡಿ ಹೇಳೋಳಲ್ಲ.”

“ರಾಜಮಣಿಗೆ ಗೊತ್ತಾದ್ರೆ ನಾನು ಮುಖ ಎತ್ಕೊಂಡು ಹೆಂಗೆ ಓಡಾಡಲಿ?”

“ಅವಳು ಓಡಾಡ್ತಿದಾಳಲ್ಲ. ಹೆಂಗೆ ಅಂತ ಕೇಳ್ಕೊ.”

ಗುರುಗಳು ತೆರೆಯನ್ನು ಪಕ್ಕಕ್ಕಿಟ್ಟು ಎದ್ದರು.

“ಎಲ್ಲರನ್ನೂ ಕರಿ” ಅಂದರು ಗುರುಗಳು. “ಗೇಟ್ ಹತ್ರ ಬರಲಿ.”

ಎಲ್ಲರೂ ಬಂದರು. ಗುರುಗಳು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗೇಟಿನ ಪಕ್ಕದ ಕಲ್ಲಿನ ಕಡೆ ತಿರುಗಿಸಿದರು. ಪ್ರಭಾವತಿ ಒಂದು ಬದಿಗೆ, ಇಮ್ತಿಯಾಜ್ ಇನ್ನೊಂದು ಬದಿಗೆ ಕೂತರು. ರಾಜಮಣಿ ಸ್ವಲ್ಪ ದೂರದಲ್ಲಿ ನಿಂತೇ ಇದ್ದಳು.

“ಅಲ್ಲಿ ಕೂರು ಶಿವನಂಜು. ಅವತ್ತು ರಾಜಮಣಿ ಕೂತಿದ್ದ ಜಾಗದಲ್ಲಿ.”

ಅವನು ಕೂತ.

“ನಾನೇನು ಮಾಡಬೇಕು?”

“ಏನೂ ಬೇಡ. ಸುಮ್ನೆ ಕೂತಿರು.”

ಗುರುಗಳು ಕರಿ ಟೇಪಿನ ಸುರುಳಿಯನ್ನು ತೆಗೆದರು. ಬೊಟ್ಟಿನಷ್ಟು ಹರಿದರು. ಎಲ್ಲರ ಕಣ್ಣೆದುರಿಗೇ ಅದನ್ನು ಕೆಂಪು ದೀಪದ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದರು.

ಮೊದಲು ಪ್ರಭಾವತಿಗೆ ಅರ್ಥವಾಯಿತು. ಅವಳ ಕೈ ಬಾಯಿಗೆ ಹೋಯಿತು. ಇಮ್ತಿಯಾಜ್ ಟೇಪನ್ನು ನೋಡಿದ, ಶಿವನಂಜುವನ್ನು ನೋಡಿದ, ಮತ್ತೆ ಟೇಪನ್ನು ನೋಡಿದ. ರಾಜಮಣಿ ಟೇಪನ್ನು ಮಾತ್ರ ನೋಡಿದಳು.

ಗುರುಗಳು ಕ್ಯಾಮೆರಾದ ಹಿಂದೆ ಹೋಗಿ ನಿಂತರು. ಅವರ ಕೈ ಗುಂಡಿಯ ಹತ್ತಿರ ಹೋಯಿತು. ಒತ್ತಿತೋ ಇಲ್ಲವೋ ಶಿವನಂಜುವಿಗೆ ಕಾಣಲಿಲ್ಲ.

“ಆನ್ ಆಗಿದೆಯಾ ಅಮ್ಮ?”

ಗುರುಗಳು ಮಾತಾಡಲಿಲ್ಲ.

ಅವನಿಗೆ ತನ್ನ ಕೈಗಳನ್ನು ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ತೊಡೆಯ ಮೇಲಿಟ್ಟ, ತೆಗೆದ. ಮುಖವನ್ನು ಸರಿ ಮಾಡಿಕೊಂಡ. ಆನ್ ಇಲ್ಲದಿದ್ದರೆ ಈ ಮುಖ ಯಾಕೆ ಅನ್ನಿಸಿತು. ಆನ್ ಇದ್ದರೆ ಇದನ್ನು ಯಾರು ನೋಡುತ್ತಾರೆ ಅನ್ನಿಸಿತು. ಕಿವಿ ಕಾದವು. ನಾಚಿಕೆ ಅನ್ನುವುದು ಮೊದಲು ಕಿವಿಗೇ ಬರುವುದು.

“ಕಟ್” ಅಂದ.

ಯಾರೂ ಕದಲಲಿಲ್ಲ.

“ಕಟ್ ಅಂದೆ ಅಮ್ಮ.”

ಗುರುಗಳು ಕ್ಯಾಮೆರಾದ ಹಿಂದೆಯೇ ಇದ್ದರು. ಆ ಜಾಗದಲ್ಲಿ ‘ಕಟ್’ ಅಂದ ಮೇಲೂ ನಿಲ್ಲದೇ ಹೋದದ್ದು ಅದು ಎರಡನೆಯ ಸಲ. ಮೊದಲನೆಯ ಸಲ ಯಾವುದು ಅನ್ನುವುದು ಈಗ ಎಲ್ಲರಿಗೂ ಗೊತ್ತಿತ್ತು.

“ನಾನು ಮರೆತಿರಲಿಲ್ಲ” ಅಂದ ಶಿವನಂಜು.

ಒಂದು ಸಲ ಬಾಯಿಬಿಟ್ಟ ಮೇಲೆ ಉಳಿದದ್ದು ತಾನಾಗಿ ಬಂತು.

“ಟೇಪು ಮೊದಲೇ ಅಂಟಿಸಿದ್ದೆ. ಕಟ್ ಅಂದದ್ದು ಕೇಳಿಸ್ತು. ಗುಂಡಿ ಮೇಲೇ ಬೆರಳಿತ್ತು. ಒತ್ತಲಿಲ್ಲ. ಇಮ್ತಿಯಾಜ್ ನೀರಿಗೆ ಓಡಿದ. ನಾನು ಫೋಕಸ್ ಸರಿ ಮಾಡ್ದೆ.”

ಅವನು ನಿಲ್ಲಿಸಿದ. ಇನ್ನೂ ಒಂದಿತ್ತು. ಅದನ್ನು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಗುರುಗಳಿಗೂ ಗೊತ್ತಾಗುತ್ತಿರಲಿಲ್ಲ.

“ಅವಳು ಅಳ್ತಿದ್ಲು. ನಂಗೆ ಖುಷಿ ಆಯ್ತು.”

ಹೇಳಿ ಅವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗತೊಡಗಿತು. ಕ್ಯಾಮೆರಾದ ಕಣ್ಣು ಅವನ ಮೇಲೇ ಇತ್ತು. ಪ್ರಭಾವತಿ ಬೇರೆ ಕಡೆ ತಿರುಗಿದಳು. ಇಮ್ತಿಯಾಜ್ ತಲೆ ತಗ್ಗಿಸಿದ. ಇರಲಿ ಅಂತ ಮೊದಲು ಹೇಳಿದ ನಾಲಿಗೆ ತನ್ನದೇ ಅನ್ನುವುದು ಅವನಿಗೆ ನೆನಪಿತ್ತು.

“ಕಟ್.”

ಅದು ರಾಜಮಣಿಯ ದನಿ.

ಗುರುಗಳು ಆ ಕೂಡಲೇ ಕ್ಯಾಮೆರಾದಿಂದ ಕೈ ತೆಗೆದು ಹಿಂದೆ ಸರಿದರು.

ರಾಜಮಣಿ ಕಲ್ಲಿನ ಹತ್ತಿರ ಬಂದಳು. ಶಿವನಂಜು ಮುಖ ಎತ್ತಲಿಲ್ಲ.

“ನೀನು ಕೇಳಿದ್ದಿದ್ರೆ ನಾನೇ ಕೊಡ್ತಿದ್ನೋ ಏನೋ” ಅಂದಳು. “ಈಗ ಅದು ನಂಗೂ ಗೊತ್ತಾಗಲ್ಲ.”

ಇಷ್ಟು ಹೇಳಿ ಅವಳು ಒಳಗೆ ಹೋದಳು.

ಮಧ್ಯಾಹ್ನ ಶಿವನಂಜು ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ಬಂದಾಗ ಗುರುಗಳು ಅಲ್ಲೇ ಇದ್ದರು.

“ಎಲ್ಲಿಗೆ?”

“ಊರಿಗೆ ಅಮ್ಮ. ಇಲ್ಲಿರೋ ಯೋಗ್ಯತೆ ನಂಗಿಲ್ಲ.”

“ಇಲ್ಲ ಅನ್ನೋದು ನಿಜ” ಅಂದರು ಗುರುಗಳು. “ಅದಿರಲಿ, ಸಂಜೆ ನದಿ ಕಡೆಯಿಂದ ಗಾಳಿ ಜಾಸ್ತಿ. ತೆರೆ ಹಾರಾಡುತ್ತೆ. ಹಿಂದೆ ಕೂತು ಕೆಳಗಿನ ಅಂಚು ಹಿಡ್ಕೊಳ್ಳೋಕೆ ಒಬ್ಬರು ಬೇಕು.”

“ರಾಜಮಣಿ ಅವ್ವನ ಮುಂದೆ ನಾನು ಹೆಂಗೆ ಬರಲಿ?”

“ಮುಂದೆ ಬಾ ಅಂದವರ್ಯಾರು? ಹಿಂದೆ ಕೂರು ಅಂದೆ.”

ಅವನು ಬ್ಯಾಗನ್ನು ಇಳಿಸಿದ.

ಸೂರ್ಯ ಮುಳುಗುವ ಹೊತ್ತಿಗೆ ಮೆಟ್ಟಿಲು ತುಂಬಿತು. ಸಿದ್ದಮ್ಮ ಬಂದಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಒಳಗೆ ಏನಿದೆ ಅಂತ ಯಾರೂ ಕೇಳಬೇಕಾಗಿರಲಿಲ್ಲ. ಬೆಲ್ಲದ ವಾಸನೆ ಅವಳಿಗಿಂತ ಮುಂಚೆ ಬಂದಿತ್ತು. ರಾಜಮಣಿ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ತಾನು ಕೂತಳು.

ಶಿವನಂಜು ತೆರೆಯ ಹಿಂದೆ ಮಂಡಿಯೂರಿ ಕೂತು ಅಂಚನ್ನು ಎರಡು ಕೈಯಿಂದ ಹಿಡಿದುಕೊಂಡ. ಅಲ್ಲಿಂದ ಸಿನಿಮಾ ಎಡ ಬಲ ತಿರುಗಿ ಕಾಣುತ್ತಿತ್ತು. ನೋಡುವವರ ಮುಖ ಒಂದೂ ಕಾಣುತ್ತಿರಲಿಲ್ಲ. ಮುಖಗಳಿಗಾಗಿ ಅಷ್ಟೆಲ್ಲ ಮಾಡಿದವನಿಗೆ ಬಟ್ಟೆಯೊಂದೇ ಉಳಿದಿತ್ತು.

ಗೇಟಿನ ದೃಶ್ಯ ಬಂತು. ತಾಯಿ ಡಬ್ಬಿ ಕೊಟ್ಟಳು. ತಿರುಗಿದಳು. ಮಗಳು ಹೇಳಬಾರದ್ದನ್ನು ಹೇಳಿದಳು. ಮುಂದಿನ ಶಾಟಿನಲ್ಲಿ ತಾಯಿ ರಸ್ತೆಯ ತಿರುವಿನಲ್ಲಿ ಸಣ್ಣಗೆ ಕಾಣುತ್ತ, ಏನೂ ಕೇಳಿಸದವಳಾಗಿ, ನಡೆದು ಮರೆಯಾದಳು. ಅದು ಮೊದಲೇ ಬೇರೆ ದಿನ ತೆಗೆದಿಟ್ಟಿದ್ದ ಶಾಟು.

ಸಿನಿಮಾ ಮುಗಿಯಿತು. ನಿರ್ದೇಶನ, ಕ್ಯಾಮೆರಾ ಅಂತ ಯಾವ ಹೆಸರೂ ಬರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಶಿವನಂಜು ಅಂಚನ್ನು ಬಿಡಲಿಲ್ಲ.

ತೆರೆಯ ಆ ಕಡೆಯಿಂದ ಪ್ರಭಾವತಿಯ ದನಿ ಕೇಳಿಸಿತು. “ಹೆಂಗಿತ್ತು ಸಿದ್ದಮ್ಮ?”

“ಚೆಂದಾಗದೆ ಕಣವ್ವ” ಅಂದಳು ಸಿದ್ದಮ್ಮ. ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದಳು. “ಆ ಅವ್ವ ಏನೂ ಕೇಳುಸ್ಕಳ್ದೆ ಒಂಟೋದ್ಲಲ್ಲ. ಪುಣ್ಯವಂತೆ.”

ಶಿವನಂಜು ಕಣ್ಣು ಮುಚ್ಚಿಕೊಂಡ.

 ಆಮೇಲೆ ರಾಜಮಣಿ, “ಅವ್ವ, ಬಾ ಇಲ್ಲಿ. ನಿಂಗೊಂದು ಮಾತು ಹೇಳಬೇಕು” ಅಂದದ್ದು ಕೇಳಿಸಿತು.

ಇಬ್ಬರೂ ತೆರೆಯ ಪಕ್ಕದಲ್ಲೇ ಹಾದು ನೀರಿನ ಹತ್ತಿರ ಇಳಿದರು. ತಾಯಿಯ ಕೈ ಮಗಳ ಕೈಯಲ್ಲಿತ್ತು. ಕೊನೆಯ ಮೆಟ್ಟಿಲಿನಲ್ಲಿ ಕೂತರು. ಬೆಳದಿಂಗಳಿತ್ತು. ಅವರು ಕೂತಿದ್ದ ರೀತಿ, ಹಿಂದೆ ನದಿ, ಮಧ್ಯೆ ಡಬ್ಬಿ. ಶಿವನಂಜುವಿನ ಬಲಗೈ ತಾನಾಗಿ ಅಂಚನ್ನು ಬಿಟ್ಟು ಮೇಲೆದ್ದಿತು. ಅಲ್ಲಿ ಕ್ಯಾಮೆರಾ ಇರಲಿಲ್ಲ. ಕೈ ಮಾತ್ರ ಎದ್ದಿತ್ತು.

ಅವನು ಅದನ್ನು ನೋಡಿದ. ಹೇಸಿಗೆಯಾಯಿತು. ಕೈಯನ್ನು ಕೆಳಗಿಳಿಸಿ ಮತ್ತೆ ಅಂಚನ್ನು ಹಿಡಿದುಕೊಂಡ. ಆಮೇಲೆ ಎದ್ದು, ನದಿಗೆ ಬೆನ್ನು ಮಾಡಿ ಕೂತ. ಅವರು ಏನು ಮಾತಾಡಿದರೋ ಅವನಿಗೆ ಕೇಳಿಸಲಿಲ್ಲ. ಅದನ್ನು ಇಲ್ಲಿಯೂ ಬರೆದಿಲ್ಲ.

ಜನರೆಲ್ಲ ಹೋದರು. ಇಮ್ತಿಯಾಜ್ ಪ್ರೊಜೆಕ್ಟರನ್ನು ಒಳಗಿಟ್ಟ. ಗುರುಗಳು ತೆರೆ ಮಡಿಸಲು ಬಂದರು. ಒಂದು ತುದಿಯನ್ನು ಅವರು ಹಿಡಿದರು, ಇನ್ನೊಂದನ್ನು ಶಿವನಂಜು ಹಿಡಿದ. ಇಬ್ಬರೂ ಎದುರು ಬದುರು ಬಂದು ಅಂಚಿಗೆ ಅಂಚು ಸೇರಿಸಿದರು.

“ಅಮ್ಮ, ಒಂದು ಕೇಳಲಾ?”

“ಕೇಳು.”

“ಬೆಳಿಗ್ಗೆ ನಾನು ಕೂತಿದ್ದಾಗ ಕ್ಯಾಮೆರಾ ಆನ್ ಇತ್ತಾ?”

ಗುರುಗಳು ತೆರೆಯನ್ನು ಇನ್ನೊಂದು ಸಲ ಮಡಿಸಿದರು.

“ಇನ್ನು ಮೇಲೆ ಯಾವ ಕ್ಯಾಮೆರಾ ಮುಂದೆ ನಿಂತ್ರೂ ರಾಜಮಣಿ ಇದನ್ನೇ ಕೇಳ್ತಾಳೆ. ಅವಳು ಕೇಳೋದು ನಿಲ್ಲಿಸಿದ ದಿನ ಬಾ, ಹೇಳ್ತೀನಿ.”